ಚೀನಾದಾಗ ಎಲ್ಲಿ ಉಂಡಿ

ಈ ಕಥೆಯನ್ನು ಮೊದಲು ಹೇಳಿದವಳು ಶಹಾಪುರದ ದರ್ಜಿ ಲಾಡ್ಲೇಸಾಬನ ಹೆಂಡತಿ ಹಜರಾಬೀ. ಹೇಳಿದ್ದು ನಿಜಾಮರ ಆಳ್ವಿಕೆ ಮುಗಿದ ವರ್ಷ, ಹಿಂಗಾರಿ ಜೋಳ ಬಿತ್ತುವ ದಿನಗಳಲ್ಲಿ. ಆ ಹೊತ್ತಿಗೆ ಲಾಡ್ಲೇಸಾಬ ತೀರಿಕೊಂಡಿದ್ದ. ಸುತ್ತಲಿನ ಹಳ್ಳಿಗಳಿಂದ ಮುಸಲ್ಮಾನರ ಮನೆ ಸುಟ್ಟ ಸುದ್ದಿ ಬರುತ್ತಿತ್ತು. ಊರಲ್ಲಿ ಯಾರು ಯಾರ ಕದ ತಟ್ಟಬಹುದು ಎಂಬುದು ದಿನಕ್ಕೊಂದು ಬಗೆಯಾಗಿ ಬದಲಾಗುತ್ತಿತ್ತು. ಅಂಥದರಲ್ಲಿ ಗೊಲ್ಲಾಳಮ್ಮ ಹಾಡಹಗಲೇ ಹೋಗಿ ಹಜರಾಬೀಯ ಕೈಹಿಡಿದು ತನ್ನ ಮನೆಗೆ ಕರೆತಂದಳು. ಗೊಲ್ಲಾಳಮ್ಮನದು ಲಿಂಗಾಯತರ ಮನೆ, ಕಟ್ಟುನಿಟ್ಟಿನ ಅಡುಗೆಮನೆ.

ಸಂಜೆ ಓಣಿಯ ಹೆಂಗಸರು ಬಂದು ಪಡಸಾಲೆಯಲ್ಲಿ ಕೂತರು.  ಪಕ್ಕದ ಮನೆಯ ದೇವಕಮ್ಮ ಕೇಳಿದಳು: "ಅಲ್ಲಬೇ, ಆಕಿ ಉಣ್ಣೋದು ಎಲ್ಲಿ?"

 ಗೊಲ್ಲಾಳಮ್ಮ ಗೋಡೆಯ ಮಾಡದಿಂದ ಒಂದು ಕಾಗದದ ಗಂಟು ತೆಗೆದು ಹಜರಾಬೀಯ ಉಡಿಗೆ ಹಾಕಿದಳು. ಹಜರಾಬೀಗೆ ಓದು ಬಾರದು. ಆದರೆ ಗೊಲ್ಲಾಳಮ್ಮನಿಗೆ ಮಗ ಬರೆದ ಕಾಗದಗಳನ್ನು ಓದಿದವನೂ ಅವಕ್ಕೆ ಅವಳ ಉತ್ತರ ಬರೆದವನೂ ಹಜರಾಬೀಯ ಗಂಡನೇ, ಮತ್ತು ಅವನು ಬಾಯಿ ಮುಚ್ಚಿ ಓದಿದ ಮನುಷ್ಯನಲ್ಲ. ಅವಳಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಆ ಸಂಜೆ ಅಲ್ಲಿ ಕೂತು ಕೇಳಿದವರಲ್ಲಿ ನನ್ನ ದೊಡ್ಡಮ್ಮ ಮರಿಲಿಂಗಮ್ಮನೂ ಒಬ್ಬಳು. ಅವಳಿಂದ ನನಗೆ ಬಂದದ್ದು ಇದು.

*

ಶಹಾಪುರ, ಕಾರ್ತೀಕ ಮಾಸ, ನವೆಂಬರ್ ೧೯೩೬

ಚಿರಂಜೀವಿ ಬಸವಂತ್ರಾಯನಿಗೆ ತಾಯಿಯ ಆಶೀರ್ವಾದಗಳು.

ಯಾದಗಿರಿಯ ಸ್ಟೇಷನ್ನಿನಲ್ಲಿ ನಿನ್ನ ರೈಲು ಹೋದ ಮೇಲೆ ಗಾಡಿಯಲ್ಲಿ ಊರಿಗೆ ಬಂದೆ. ದಾರಿಯಲ್ಲಿ ಒಂದು ಸಂಗತಿ ನೆನಪಾಯಿತು. ಮುಂಬೈಯ ಹತ್ತಿ ವ್ಯಾಪಾರದ ಕೋಠಿಯವರು ನಿನಗೆ ಸಂಬಳ ಎಷ್ಟು, ಇರಲಿಕ್ಕೆ ಜಾಗ ಎಲ್ಲಿ, ಎಲ್ಲ ಹೇಳಿದರು. ಚೀನಾದಲ್ಲಿ ಊಟ ಎಲ್ಲಿ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಾದಗಿರಿಯ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಎಳೆ ನೋಡಿ ಗುಣ ಹೇಳಲು ಕಲಿತ ಹುಡುಗ ನೀನು. ಒಲೆಯ ಮುಂದೆ ಕೂತು ಗೊತ್ತಿಲ್ಲ. ಆದ್ದರಿಂದ ಪ್ರತಿ ಕಾಗದದಲ್ಲಿ ಮೊದಲು ಅದನ್ನೇ ಬರೆ: ಎಲ್ಲಿ ಉಂಡೆ, ಯಾರ ಕೈಯಡುಗೆ ಉಂಡೆ.

ಲಿಂಗಪೂಜೆ ಆಗದೆ ಏನನ್ನೂ ಬಾಯಿಗಿಡಬೇಡ. ಕಳ್ಳರ ಭಯವಿದ್ದರೆ ರೊಕ್ಕವನ್ನು ಹಿಟ್ಟಿನ ಚೀಲದೊಳಗೆ ಹುಗಿದಿಡು. ತವರಿಗೆ ಹೋಗುವಾಗ ನಾವು ಬಂಗಾರ ಇಡುವುದು ಹಾಗೆಯೇ. ಹಿಟ್ಟಿಗೆ ಯಾವ ಕಳ್ಳನೂ ಕೈಹಾಕುವುದಿಲ್ಲ.

ದಿನಾ ಹಂಚಿನಿಂದ ಇಳಿದ ಮೊದಲ ರೊಟ್ಟಿ ನಿನ್ನ ಹೆಸರಿನಲ್ಲಿ ಎತ್ತಿಟ್ಟು, ಆಮೇಲೆ ಆಕಳಿಗೆ ಕೊಡುತ್ತೇನೆ. ಅದು ಬಾಯಾಡಿಸುವಾಗ ನೀನು ಉಂಡೆ ಎಂದುಕೊಳ್ಳುತ್ತೇನೆ.

ನಿನ್ನ ಅವ್ವ ಗೊಲ್ಲಾಳಮ್ಮ
(ಬರಹ: ಲಾಡ್ಲೇಸಾಬ. ನನ್ನದೂ ಸಲಾಮು. ನೀನು ಹೊಲಿಸಿಕೊಂಡ ಕೋಟಿನ ತೋಳು ಉದ್ದವಾಗಿದ್ದರೆ ಅಲ್ಲಿ ಯಾರ ಹತ್ತಿರವೂ ಕತ್ತರಿಸಬೇಡ, ಬಂದ ಮೇಲೆ ನಾನೇ ಸರಿಮಾಡುತ್ತೇನೆ.)

*

ಶಾಂಘೈ, ಜನವರಿ ೧೯೩೭

ಅವ್ವನ ಪಾದಗಳಿಗೆ ಬಸವಂತ್ರಾಯನ ಶರಣು.

ನೀನು ಕಟ್ಟಿಕೊಟ್ಟ ಖಡಕ್ ರೊಟ್ಟಿ ಸಿಂಗಾಪುರದವರೆಗೆ ಬಂತು. ಶೇಂಗಾ ಹಿಂಡಿ ಹಾಂಗ್‌ಕಾಂಗಿನವರೆಗೆ. ಶಾಂಘೈಯಲ್ಲಿ ಇಳಿದಾಗ ಗಂಟಿನಲ್ಲಿ ಉಳಿದದ್ದು ಬಟ್ಟೆಯ ವಾಸನೆ.

ಕೋಠಿಯ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತಿದ್ದ. ಯಾವ ಊರು ಎಂದು ದಖನಿಯಲ್ಲಿ ಕೇಳಿದ. ಶಹಾಪುರ ಎಂದೆ. ಅವನು ಬಂದೂಕನ್ನು ಗೋಡೆಗೆ ಒರಗಿಸಿ ಕನ್ನಡದಲ್ಲಿ ಬೈದ: "ಇಷ್ಟು ವರ್ಷ ಎಲ್ಲಿ ಸತ್ತಿದ್ಯೋ ಮಗನ? ಕನ್ನಡ ಕೇಳಿ ಕಿವಿ ತುಕ್ಕು ಹಿಡದಾವ." ಸುರಪುರದ ಖಾಜಾಹುಸೇನ. ಹಡಗಿನಲ್ಲಿ ಖಲಾಸಿಯಾಗಿ ಬಂದು ಇಲ್ಲೇ ಉಳಿದವನು. ಈ ಊರಲ್ಲಿ ನನಗೆ ಅನ್ನದ ದಾರಿ ತೋರಿಸಿದವನು ಅವನೇ.

ಇಲ್ಲಿ ಸೊಪ್ಪು ತರಕಾರಿಗೆ ಕೊರತೆಯಿಲ್ಲ. ಆದರೆ ಹುರಿಯುವುದು ಹಂದಿಯ ಕೊಬ್ಬಿನಲ್ಲಿ. ನೋಡಿದರೆ ಗೊತ್ತಾಗುವುದಿಲ್ಲ. ಅದು ನನಗೂ ಸಲ್ಲದು, ಖಾಜಾಗೂ ಸಲ್ಲದು. ಅದಕ್ಕೆ ನಾವಿಬ್ಬರೂ ಕೂಡಿಯೇ ಊಟ ಹುಡುಕುತ್ತೇವೆ. ಚೀನೀ ಮುಸಲ್ಮಾನರ ಖಾನಾವಳಿಗಳ ಹಲಗೆಯ ಮೇಲೆ ನೀರಿನ ಗಿಂಡಿಯ ಚಿತ್ರ ಇರುತ್ತದೆ. ಅಲ್ಲಿ ಅವನಿಗೆ ಕುರಿಮಾಂಸದ ಶಾವಿಗೆ, ನನಗೆ ಎಳ್ಳು ಹಚ್ಚಿ ಸುಟ್ಟ ರೊಟ್ಟಿ. ಬೌದ್ಧ ಸನ್ಯಾಸಿಗಳ ಮಠಗಳಲ್ಲಿ ಮಾಂಸ ಮುಟ್ಟುವುದಿಲ್ಲ, ಉಳ್ಳಾಗಡ್ಡಿಯನ್ನೂ ಮುಟ್ಟುವುದಿಲ್ಲ. ಮೊದಲ ದಿನ ಅಲ್ಲಿ ನನ್ನ ಮುಂದೆ ತಂದಿಟ್ಟದ್ದು ಒಂದು ಇಡೀ ಮೀನು! ಕಣ್ಣು, ರೆಕ್ಕೆ, ಹುರುಪೆ ಎಲ್ಲ ಇತ್ತು. ನಾನು ಎದ್ದು ಹೊರಟೆ. ಖಾಜಾ ಹೊಟ್ಟೆ ಹಿಡಿದುಕೊಂಡು ನಕ್ಕ. ಮುದಿ ಸನ್ಯಾಸಿ ನನ್ನ ತೋಳು ಹಿಡಿದು ಕೂರಿಸಿ, ಮೀನನ್ನು ಬೆರಳಿನಿಂದ ಮುರಿದು ತೋರಿಸಿದ. ಗೋದಿಹಿಟ್ಟನ್ನು ತೊಳೆದು ಉಳಿದ ಜಿಗಟಿನಿಂದ ಮಾಡಿದ್ದು. ಮಾಂಸ ಬಿಟ್ಟವರಿಗೆ ಮೀನಿನ ಆಕಾರ ಯಾಕೆ ಬೇಕು ಎಂದು ಖಾಜಾನ ಬಾಯಿಂದ ಕೇಳಿಸಿದೆ. ಬಿಟ್ಟದ್ದು ನೆನಪಿರಲಿ ಎಂದು, ಅಂದನಂತೆ.

ಪೂಜೆ ತಪ್ಪಿಸಿಲ್ಲ. ಖಾಜಾ ನನ್ನ ಪೂಜೆ ಮುಗಿಯುವ ತನಕ ತನ್ನ ಬಟ್ಟಲನ್ನು ಮುಟ್ಟದೆ ಕಾಯುತ್ತಾನೆ. ತಣ್ಣಗಾಯಿತೆಂದು ಬೈಯುತ್ತಾನೆ, ಆದರೂ ಕಾಯುತ್ತಾನೆ.

ನಿನ್ನ ಮಗ ಬಸವಂತ್ರಾಯ

*

ಝೆಂಗ್‌ಝೌ, ಏಪ್ರಿಲ್ ೧೯೩೭

ಅವ್ವನಿಗೆ ಶರಣು.

ಹತ್ತಿ ನೋಡಲು ನದಿಯ ಮೇಲೆ ಹಡಗಿನಲ್ಲಿ ಹಾಂಕೋವಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಉತ್ತರಕ್ಕೆ ಬಂದಿದ್ದೇವೆ. ಖಾಜಾನನ್ನು ಕಾವಲಿಗೆಂದು ಜೊತೆಗೆ ಕಳಿಸಿದ್ದಾರೆ. ಹಾಂಕೋವಿನ ಬೀದಿಯಲ್ಲಿ ನಿಂತುಕೊಂಡೇ ತಿನ್ನುವ ಒಂದು ಬಿಸಿ ಶಾವಿಗೆ ಇದೆ, ಅರೆದ ಎಳ್ಳಿನಲ್ಲಿ ಕಲಸಿದ್ದು. ಕಣ್ಣು ಮುಚ್ಚಿ ತಿಂದರೆ ನಿನ್ನ ಹಿಂಡಿಯ ರುಚಿ. ನಮ್ಮ ಕಡೆಯವರು ಯಾರಾದರೂ ಈ ದೇಶಕ್ಕೆ ಹೊರಟರೆ ಹೇಳು: ದಕ್ಷಿಣದಲ್ಲಿ ಅನ್ನ, ಉತ್ತರದಲ್ಲಿ ರೊಟ್ಟಿ. ನದಿ ದಾಟುವ ತನಕ ತಡೆದುಕೊಂಡರೆ ನಮ್ಮವರಿಗೆ ಬದುಕು ಸಲೀಸು.

ಈಗ ದೊಡ್ಡ ಸುದ್ದಿ. ಇಲ್ಲೊಂದು ಹಳ್ಳಿಯಲ್ಲಿ ನಡೆಯುತ್ತಿದ್ದೆ. ಒಂದು ಮನೆಯ ತಡಿಕೆ ಕಂಡು ಕಾಲು ನಿಂತವು. ಜೋಳದ ದಂಟು, ಅವ್ವ. ಹಿತ್ತಲಿನಲ್ಲಿ ನಾವು ಕಟ್ಟುವ ಹಾಗೆಯೇ ಕಟ್ಟಿದ್ದರು. ಒಳಗಿನಿಂದ ಒಬ್ಬ ಮುದುಕಿ ಬಂದಳು. ನಾನು ದಂಟು ಹಿಡಿದು ನಿಂತದ್ದನ್ನು ನೋಡಿ ಒಳಗೆ ಹೋಗಿ, ಉಗಿಯಲ್ಲಿ ಬೆಂದ ಕೆಂಪು ಜೋಳದ ಕಡುಬು ತಂದುಕೊಟ್ಟಳು. ಅಡಿಯಲ್ಲಿ ಹೆಬ್ಬೆರಳು ಒತ್ತಿದ ಕುಳಿ. ಬಡವರ ಊಟ ಎಂದು ಅವಳಿಗೆ ನಾಚಿಕೆ. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ತಿಂದೆ. ಅಳು ಬಂತು. ಖಾಜಾ ಮುಖ ಆಚೆ ತಿರುಗಿಸಿ ನಿಂತ.

ನಿನ್ನ ಮಗ ಬಸವಂತ್ರಾಯ

*

ಶಹಾಪುರ, ಜ್ಯೇಷ್ಠ ಮಾಸ, ಜೂನ್ ೧೯೩೭

ಬಸವಂತ್ರಾಯನಿಗೆ.

ಜೋಳದ ಕಾಗದ ತಲುಪಿತು. ಎರಡು ಸಲ ಓದಿಸಿಕೊಂಡೆ. ಅದರಲ್ಲಿ ಪೂಜೆಯ ಮಾತಿಲ್ಲ. ಬೀದಿಯಲ್ಲಿ ನಿಂತು ತಿಂದದ್ದಿದೆ, ಹೊಸ್ತಿಲ ಮೇಲೆ ಕೂತು ತಿಂದದ್ದಿದೆ. ಲಿಂಗಕ್ಕೆ ಕೊಟ್ಟು ತಿಂದದ್ದು ಇಲ್ಲ.

ಕಾಳಿನ ವ್ಯಾಪಾರದ ಭಾಗಣ್ಣ ಮುಂಬೈಗೆ ಹೋಗಿ ಬಂದಿದ್ದಾನೆ. ಚೀನಾಕ್ಕೆ ಹೋದ ನಮ್ಮ ಹುಡುಗರು ಹಡಗಿನಲ್ಲೇ ಲಿಂಗದ ಕರಡಿಗೆಯನ್ನು ಮೊಳೆಗೆ ನೇತುಹಾಕಿ ಇಳಿಯುತ್ತಾರಂತೆ ಎಂದು ಪೇಟೆಯಲ್ಲಿ ನಿಂತು ಹೇಳಿದ. ನನ್ನ ಮುಖ ನೋಡಿಯೇ ಹೇಳಿದ.

ಮುಂದಿನದನ್ನು ನಾನು ಅಂದ ಹಾಗೆಯೇ ಬರೆಯಲು ಲಾಡ್ಲೇಸಾಬನಿಗೆ ಹೇಳಿದ್ದೇನೆ. ಅವನು ಒಮ್ಮೆ ಮೆತ್ತಗೆ ಮಾಡಿ ಬರೆದ. ಓದಿಸಿ, ಹೊಡೆದು ಹಾಕಿಸಿದ್ದೇನೆ.

"ಲಿಂಗ ಎದಿ ಮ್ಯಾಲ ಇಲ್ಲದಾಂವ ಕುಡಿಯೋ ನೀರು ನೀರಲ್ಲ, ನೆತ್ತರ. ಅಂಥಾಂವ ನನ್ನ ಒಲಿ ಮುಂದ ಕುಂದ್ರಬಾರದು. ನನ್ನ ಮಗ ಆಗಿದ್ದರೂ ಅಷ್ಟ."

ಗೊಲ್ಲಾಳಮ್ಮ
(ಬರಹ: ಲಾಡ್ಲೇಸಾಬ. ಸಿಟ್ಟಿನ ಮಾತು, ದೂರ ಹೋಗುವಷ್ಟರಲ್ಲಿ ತಣ್ಣಗಾಗಲಿ.)

*

ಶಾಂಘೈ, ಆಗಸ್ಟ್ ೧೯೩೭

ಅವ್ವನಿಗೆ.

ಇಲ್ಲಿ ಜಪಾನಿನವರ ಯುದ್ಧ ಬಂದಿದೆ. ನಮ್ಮ ಕೋಠಿ ನದಿಯ ಆಚೆ ದಂಡೆಯಲ್ಲಿತ್ತು, ಅಲ್ಲಿ ಗುಂಡು ಬೀಳತೊಡಗಿದ ಮೇಲೆ ಜನವೆಲ್ಲ ಸೇತುವೆ ದಾಟಿ ಈಚೆ ಬಂದೆವು. ನಾನೂ ಖಾಜಾನೂ ಕ್ಷೇಮ.

ನಿನ್ನ ಜ್ಯೇಷ್ಠದ ಕಾಗದ ಗಲಾಟೆಯ ಹಿಂದಿನ ವಾರ ಮುಟ್ಟಿತು. ಆ ದಿನ ಝೆಂಗ್‌ಝೌದಲ್ಲಿ ಲಿಂಗ ನನ್ನ ಎದೆಯ ಮೇಲೇ ಇತ್ತು. ಹಸಿವಿಗಿಂತ ಮೊದಲು ಜೋಳದ ವಾಸನೆ ಬಂತು, ಪೂಜೆ ಮರೆತೆ. ಅದೊಂದೇ ಸಲ.

ಆದರೆ ಈಗ ಬರೆಯಬೇಕಾದದ್ದು ಬೇರೆ. ಸೇತುವೆಯ ನೂಕುನುಗ್ಗಲಲ್ಲಿ ಜನರ ಕೊರಳಿಗೇ ಕೈಹಾಕಿ ಬೆಳ್ಳಿ ಬಂಗಾರ ಕಿತ್ತುಕೊಳ್ಳುತ್ತಿದ್ದರು. ನನ್ನದು ಬೆಳ್ಳಿಯ ಕರಡಿಗೆ. ನೀನು ಕಲಿಸಿದ ಹಾಗೆ ಹಿಟ್ಟಿನ ಚೀಲದೊಳಗೆ ಹುಗಿದೆ. ಆ ಚೀಲ ಈಗ ಇಲ್ಲ. ಅದರೊಳಗೆ ಲಿಂಗವೂ ಇತ್ತು.

ನಿನ್ನ ಮಾತು ನನಗೆ ನೆನಪಿದೆ. ನನ್ನ ಹೆಸರಿನ ರೊಟ್ಟಿ ಇನ್ನು ಎತ್ತಿಡಬೇಡ.

ಬಸವಂತ್ರಾಯ

*

ಶಾಂಘೈ, ಆಗಸ್ಟ್ ೧೯೩೭

(ಇದು ಖಾಜಾಹುಸೇನ ಲಾಡ್ಲೇಸಾಬನಿಗೆ ಉರ್ದುವಿನಲ್ಲಿ ಬರೆದದ್ದು. ಲಾಡ್ಲೇಸಾಬ ಗೊಲ್ಲಾಳಮ್ಮನಿಗೆ ಕನ್ನಡ ಮಾಡಿ ಓದಿದ.)

ಲಾಡ್ಲೇಸಾಬ ಭಾಯಿಗೆ ಸಲಾಮು.

ನೀವು ನನ್ನ ಮುಖ ನೋಡಿಲ್ಲ. ಬಸವಂತ್ರಾಯನ ಕಾಗದಗಳಲ್ಲಿ ನನ್ನ ಹೆಸರು ಕೇಳಿರಬೇಕು. ಇದನ್ನು ಅವನ ತಾಯಿಗೆ ಓದಿ ಹೇಳಿ.

ಸೇತುವೆಯ ಮೇಲೆ ನನ್ನ ಹೆಗಲಿನಲ್ಲಿ ಎರಡು ಹಿಟ್ಟಿನ ಚೀಲ ಇದ್ದವು. ಒಬ್ಬ ಹೆಂಗಸು ಎರಡು ಕೂಸು ಹಿಡಿದುಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ಒಂದು ಚೀಲ ಅವಳ ಕೈಗೆ ಕೊಟ್ಟೆ. ಅದರೊಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಈಚೆ ಬಂದು ಬಸವಂತ್ರಾಯ ಉಳಿದ ಚೀಲವನ್ನು ಮೊಣಕೈ ತನಕ ಕೈಹಾಕಿ ಹುಡುಕಿದಾಗ ಗೊತ್ತಾಯಿತು. ಸೇತುವೆಗೆ ಓಡಿಹೋದೆ. ಅಲ್ಲಿ ಜನವೇ ಜನ, ಅವಳಿಲ್ಲ.

ಅಂದಿನಿಂದ ಅವನು ಉಣ್ಣುವುದನ್ನು ಬಿಟ್ಟ. ನೀರನ್ನೂ ಬಿಟ್ಟ. ತಾಯಿ ಬರೆದಿದ್ದಾಳೆ ಎಂದ. ಬೈದೆ, ಕಾಲು ಹಿಡಿದೆ. ಮಠಕ್ಕೆ ಹೋಗಿ ಆ ಮುದಿ ಸನ್ಯಾಸಿಯನ್ನು ಕರೆತಂದೆ. ಅವನು ಗಂಜಿಯ ಬಟ್ಟಲು ಹಿಡಿದು ಸಂಜೆಯ ತನಕ ಎದುರಿಗೆ ಕೂತ. ಇವನು ತುಟಿ ತೆರೆಯಲಿಲ್ಲ. ನಾಲಿಗೆ ದಪ್ಪವಾಗಿ ಮಾತು ತೊದಲತೊಡಗಿತು.

ಆಗ ನಾನು ಒಂದು ಕೆಲಸ ಮಾಡಿದೆ. ತಂತಿ ಆಫೀಸಿನ ಜವಾನ ನನ್ನ ಗೆಳೆಯ. ಅವನಿಂದ ಖಾಲಿ ಕಾಗದ ತಂದು, ಇಂಗ್ಲಿಷ್ ಬಲ್ಲವನ ಕೈಯಲ್ಲಿ ಎರಡು ಮಾತು ಬರೆಸಿದೆ: ಉಣ್ಣು, ಅವ್ವ. ಯಾದಗಿರಿಯಿಂದ ತಂತಿ ಬಂತೆಂದು ಓದಿದೆ. ಅವನು ಕಾಗದವನ್ನು ಕೈಗೆ ತೆಗೆದುಕೊಂಡ. ಕಿಟಕಿಯ ಹೊರಗೆ ನೋಡಿದ. ಆಮೇಲೆ ಗಂಜಿ ಕುಡಿದ.

ಅಮ್ಮಾ, ನಿಮ್ಮ ಬಾಯಿಂದ ಬಾರದ ಮಾತನ್ನು ನಿಮ್ಮ ಹೆಸರಿನಲ್ಲಿ ಹೇಳಿದ್ದೇನೆ. ನಾನು ಹೇಳಿದ್ದು ಸುಳ್ಳು ಎಂದು ನೀವು ಬರೆದರೆ ಅವನು ಮತ್ತೆ ಬಾಯಿ ಕಟ್ಟುತ್ತಾನೆ. ಇನ್ನು ನಿಮ್ಮ ಮರ್ಜಿ. ನಮ್ಮನ್ನು ಹಾಂಗ್‌ಕಾಂಗಿಗೆ ಒಯ್ಯುತ್ತಾರಂತೆ. ಅಲ್ಲಿಯ ಕೋಠಿಗೆ ಬರೆಯಿರಿ. ಅವನು ಊಟ ಬಿಟ್ಟ ದಿನ ನಿಮಗೆ ಬರೆದ ಕಾಗದ ಟಪಾಲು ಹಡಗಿನಲ್ಲೇ ಇದೆ. ಗುಂಡಿನ ಹೆದರಿಕೆಗೆ ಆ ಹಡಗು ಇನ್ನೂ ನದಿಯಲ್ಲಿ ನಿಂತಿದೆ, ನನ್ನ ಈ ಕಾಗದವೂ ಅದರಲ್ಲೇ ಬರುತ್ತದೆ.

ಖಾಜಾಹುಸೇನ, ಸುರಪುರದವನು

*

ಶಹಾಪುರ, ಆಶ್ವಯುಜ ಮಾಸ, ಅಕ್ಟೋಬರ್ ೧೯೩೭

ಚಿರಂಜೀವಿ ಬಸವಂತ್ರಾಯನಿಗೆ ತಾಯಿಯ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು.

ಮಠಕ್ಕೆ ಹೋಗಿದ್ದೆ. ಅಯ್ಯನವರನ್ನು ಕೇಳಿದೆ. ಮಗ ಊರಿಗೆ ಬರಲಿ, ಹೊಸ ಲಿಂಗ ಕಟ್ಟುತ್ತೇನೆ ಎಂದರು. ಬರುವ ತನಕ ಅವನು ಉಣ್ಣುವುದು ಹೇಗೆ ಎಂದು ಕೇಳಿದೆ. ಅವರು ವಿಭೂತಿ ಕೊಟ್ಟರು. ಹಣೆಗೆ ಹಚ್ಚಿಕೊಂಡು ಎದ್ದು ಬಂದೆ.

ಅಲ್ಲಿಂದ ಗಾಡಿ ಮಾಡಿಕೊಂಡು ಸುರಪುರಕ್ಕೆ ಹೋಗಿ ಖಾಜಾಹುಸೇನನ ತಾಯಿಗೆ ಅವಳ ಮಗ ಕ್ಷೇಮ ಎಂದು ಹೇಳಿದೆ. ನೆಲಕ್ಕೆ ಚಾಪೆ ಹಾಸಿ ಬಾಳೆಹಣ್ಣು ಕೊಟ್ಟಳು. ಹಣ್ಣಿಗೆ ದೋಷವಿಲ್ಲ ಎಂದುಕೊಂಡು ತಿಂದೆ. ಅವಳು ನೀರು ತಂದಳು. ಕುಡಿದೆ. ಅದು ನೀರೇ ಆಗಿತ್ತು.

ಇದನ್ನೂ ಅಂದ ಹಾಗೆಯೇ ಬರೆಸುತ್ತಿದ್ದೇನೆ.

"ಆ ತಂತಿ ನಾನೇ ಕಳಿಸೀನಿ. ಯಾರಾರ ಕೇಳಿದರ ನಮ್ಮವ್ವ ಕಳಿಸ್ಯಾಳ ಅನ್ನು. ಮೊದಲಿನ ಕಾಗದದಾಗಿನ ಮಾತೂ ನಂದ, ತಂತಿ ಮಾತೂ ನಂದ. ಹಿಂದಿನದು ಬಿಡು, ಆಮ್ಯಾಗಿನದು ಕೇಳು."

ನಿನ್ನ ಹೆಸರಿನ ರೊಟ್ಟಿ ಎತ್ತಿಡುವುದನ್ನು ನಿಲ್ಲಿಸಿಲ್ಲ. ಈಗ ಎರಡು ಎತ್ತಿಡುತ್ತೇನೆ.

ನಿನ್ನ ಅವ್ವ ಗೊಲ್ಲಾಳಮ್ಮ
(ಬರಹ: ಲಾಡ್ಲೇಸಾಬ. ನಿನ್ನ ಕಾಗದ ಓದಿದ ದಿನದಿಂದ ಇದನ್ನು ಬರೆಸುವ ತನಕ ನಿನ್ನ ತಾಯಿ, ಎತ್ತಿಡುವ ರೊಟ್ಟಿಗಲ್ಲದೆ, ತನಗೆಂದು ಒಲೆ ಹಚ್ಚಿರಲಿಲ್ಲ. ಹೇಳಬೇಡ ಎಂದಿದ್ದಾಳೆ. ಈ ಸಾಲನ್ನು ಅವಳಿಗೆ ಓದಿ ತೋರಿಸುವುದಿಲ್ಲ.)

*

ಹಾಂಗ್‌ಕಾಂಗ್, ಡಿಸೆಂಬರ್ ೧೯೩೭

ಅವ್ವನ ಪಾದಗಳಿಗೆ ಶರಣು.

ತಂತಿ ನೀನೇ ಕಳಿಸಿದ್ದು ಎಂದು ಬರೆದಿದ್ದೀ. ಹಾಗೇ ಆಗಲಿ. ಒಂದು ಮಾತು ಬರೆದು ಬಿಟ್ಟುಬಿಡುತ್ತೇನೆ. ಖಾಜಾ ಆ ತಂತಿ ಓದಿದಾಗ ನಾನು ಕಿಟಕಿಯ ಹತ್ತಿರ ಕೂತಿದ್ದೆ. ಲಿಂಗ ಹೋದ ಸುದ್ದಿಯ ನನ್ನ ಕಾಗದ ಹೊತ್ತ ಹಡಗು ಇನ್ನೂ ನದಿಯಲ್ಲೇ ನಿಂತಿತ್ತು. ಅದರ ಹೊಗೆಕೊಳವೆ ನನಗೆ ಕಾಣುತ್ತಿತ್ತು.

ತಿರುಗಿ ನೋಡಿದೆ. ಖಾಜಾ ಗಂಜಿಯ ಬಟ್ಟಲು ಮುಂದೆ ಹಿಡಿದು ನಿಂತಿದ್ದ. ಇಷ್ಟು ದಿನ ನನ್ನ ಪೂಜೆ ಮುಗಿಯಲಿ ಎಂದು ತನ್ನ ಊಟವನ್ನು ತಣ್ಣಗೆ ಮಾಡಿಕೊಂಡವನು. ನಾನು ಗಂಜಿ ಕುಡಿದೆ. ಆಮೇಲೆ ಅವನೂ ಕುಡಿದ. ನಾನು ಉಣ್ಣದ ದಿನಗಳಲ್ಲಿ ಅವನೂ ಉಂಡಿರಲಿಲ್ಲ ಎಂದು ಆಗ ತಿಳಿಯಿತು. ಹಡಗು ಕಂಡದ್ದನ್ನು ಅವನಿಗೆ ಇಂದಿಗೂ ಹೇಳಿಲ್ಲ.

ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದೆ. ನೀರಿನ ಮಾತು ಬಂದಾಗ ಎದ್ದು ಹೊರಗೆ ಹೋದ. ಊರಿಗೆ ಹೋಗೋಣ ನಡೆ ಎಂದರೆ ಒಲ್ಲೆ ಎನ್ನುತ್ತಾನೆ. ಗೋದಾಮಿನ ಕಾವಲಿಗೆ ಮತ್ತೆ ಶಾಂಘೈಗೆ ಹೊರಟಿದ್ದಾನೆ. ಆ ಹೆಂಗಸು ಸಿಕ್ಕರೂ ಸಿಕ್ಕಾಳು ಎನ್ನುತ್ತಾನೆ. ಆ ಊರಲ್ಲಿ ಎಷ್ಟು ಜನ ಎಂದು ಅವನಿಗೆ ಗೊತ್ತಿದೆ. ಆದರೂ ಹಾಗೆನ್ನುತ್ತಾನೆ.

ನಾನು ಬರುತ್ತಿದ್ದೇನೆ. ಸಂಕ್ರಾಂತಿ ಕಳೆದ ಮೇಲೆ ಇಲ್ಲಿಂದ ಹಡಗು. ಚೀನಾದಲ್ಲಿ ಎಲ್ಲಿ ಉಣ್ಣಬೇಕು ಎಂಬುದು ನನಗೆ ಈಗ ಗೊತ್ತು, ಯಾವ ಊರಿನವರಿಗಾದರೂ ದಾರಿ ಹೇಳಬಲ್ಲೆ. ಗೊತ್ತಿಲ್ಲದ ಊರು ಶಹಾಪುರ. ಹೊಸ ಲಿಂಗ ಕಟ್ಟುವ ತನಕ ನಿನ್ನ ಒಲೆಯ ಮುಂದೆ ನಾನು ಕೂರುವಂತಿಲ್ಲ. ಅದು ನಿನ್ನ ಮಾತು, ಊರಿನ ಮಾತೂ ಅದೇ. ಹೇಳು ಅವ್ವ, ನಾನು ಎಲ್ಲಿ ಉಣ್ಣಲಿ?

ಬಸವಂತ್ರಾಯ

*

ಶಹಾಪುರ, ಪುಷ್ಯ ಮಾಸ, ಜನವರಿ ೧೯೩೮

(ಮುಂಬೈ ಕೋಠಿಯ ವಿಳಾಸಕ್ಕೆ, ಬಂದಿಳಿದಾಗ ಕೊಡತಕ್ಕದ್ದು)

"ಲಾಡ್ಲೇಸಾಬನ ಅಂಗಳದಾಗ ಮೂರು ಕಲ್ಲು ಹೂಡೀನಿ. ನೀ ಬಂದ ದಿನದಿಂದ ಅಯ್ಯನೋರು ಲಿಂಗ ಕಟ್ಟೋ ತನಕ ಅಲ್ಲೇ ಅಡಗಿ. ನಾನೂ ಅಲ್ಲೇ ಉಣ್ಣಾಕಿ. ಭಾಗಣ್ಣಗ ಹೇಳಿ ಕಳಿಸೀನಿ, ಬಂದು ನೋಡು ಅಂತ."

ಅವ್ವ

*

ಹಜರಾಬೀ ಅಲ್ಲಿಗೆ ಕಥೆ ನಿಲ್ಲಿಸಿದಳು. ಆ ಮೂರು ಕಲ್ಲಿನ ಮಸಿ ತನ್ನ ಅಂಗಳದ ಗೋಡೆಯ ಮೇಲೆ ಇನ್ನೂ ಇದೆ, ಲಾಡ್ಲೇಸಾಬ ಸುಣ್ಣ ಹಚ್ಚಗೊಡಲಿಲ್ಲ ಎಂದಳು. ಖಾಜಾಹುಸೇನ ಊರಿಗೆ ಬಂದನೇ ಎಂದು ಯಾರೋ ಕೇಳಿದರು. ಅವನ ಕಾಗದ ಮತ್ತೆ ಬರಲಿಲ್ಲ ಎಂದಳು. ಬಸವಂತ್ರಾಯ ಈಗೆಲ್ಲಿ ಎಂದು ಇನ್ನೊಬ್ಬಳು ಕೇಳಿದಳು. ಗೊಲ್ಲಾಳಮ್ಮ ಆಗ ಬಾಯಿ ತೆರೆದಳು: "ಖಾಜಾನ ಮುದುಕಿ ತಾಯಿನ್ನ ಕರಕೊಂಡು ಬರಾಕ ಸುರಪುರಕ್ಕ ಗಾಡಿ ಕಟ್ಕೊಂಡು ಹೋಗ್ಯಾನ."

ಹೆಂಗಸರು ಎದ್ದು ತಂತಮ್ಮ ಮನೆಗೆ ಹೋದರು. 

ಮರುದಿನ ಮುಂಜಾನೆ ಗಾಡಿ ಇನ್ನೂ ಬಂದಿರಲಿಲ್ಲ. ಗೊಲ್ಲಾಳಮ್ಮ ಬಾಗಿಲಲ್ಲಿ ನಿಂತು ಸುರಪುರದ ದಾರಿ ನೋಡುತ್ತಿದ್ದಳು. ಒಳಗೆ ಹಜರಾಬೀ ರೊಟ್ಟಿ ತಟ್ಟುತ್ತಿದ್ದಳು. ನನ್ನ ದೊಡ್ಡಮ್ಮ ನೀರಿಗೆ ಹೋಗುವವಳು ಕೊಡ ಇಳಿಸಿ ಕಟ್ಟೆಯ ಮೇಲೆ ಕೂತಳು. ಇನ್ನಿಬ್ಬರು ಬಂದು ಅವಳ ಪಕ್ಕ ಕೂತು, ಅವರೂ ದಾರಿ ನೋಡತೊಡಗಿದರು. ಅಷ್ಟರಲ್ಲಿ ದೇವಕಮ್ಮ ಒಡಕು ಮಡಕೆಯ ಬೋಕಿ ಹಿಡಿದುಕೊಂಡು ಬಂದು, ಒಲೆ ಆರಿದೆ, ಕೆಂಡ ಬೇಕು ಎಂದಳು. ಅವಳ ಮನೆಯ ಮೇಲೆ ಹೊಗೆ ಏಳುತ್ತಿದ್ದುದು ಓಣಿಗೆಲ್ಲ ಕಾಣುತ್ತಿತ್ತು.  ಅವಳು ಒಳಗೆ ಹೋದಳು, ಬೋಕಿಯನ್ನು ಪಕ್ಕಕ್ಕಿಟ್ಟು ಒಲೆಯ ಮುಂದೆ ಕೂತಳು. ಮೊದಲಿನ ಎರಡು ರೊಟ್ಟಿ ಎತ್ತಿಟ್ಟಾಗಿತ್ತು. ಮೂರನೆಯದು ಹಂಚಿನಿಂದ ಇಳಿಯಿತು. ದೇವಕಮ್ಮ ಅದರ ಅಂಚು ಮುರಿದು, ಊದಿ, ಬಾಯಿಗಿಟ್ಟುಕೊಂಡಳು.

"ಇಷ್ಟು ದಪ್ಪ ತಟ್ಟತಾರೇನಬೇ ರೊಟ್ಟಿ," ಎಂದಳು. "ಸರಿ ಆಚಿಗೆ, ನಾ ತಟ್ಟತೀನಿ. ಸುರಪುರದಾಕಿ ಬಂದು ನಗಬಾರದು."